ಮುಳುಗಲು ಬಿಟ್ಟ ದಾರಿ

ಕೊಲೂಸಾ ದಾಟಿ ಏರಿಯಿಳಿದರೆ ಸಿಗುತ್ತದೆ
ಹಳದಿ ಹೂವಿನ ಫಲಕ: ರಮಣೀಯ ಮಾರ್ಗ.
ಅದರ ಬೆನ್ನಿಗೇ ಇನ್ನೊಂದು ಕಂಬ,
ಅಡಿಗೊಂದು ಗೀಟು, ಒಂದರಿಂದ ಹನ್ನೆರಡು.
ಹೂವು ಇರುವುದು ಏಳರ ಎತ್ತರದಲ್ಲಿ.
ಹೂವು ಮುಳುಗಿದ ವರ್ಷಗಳನ್ನು
ವರ್ಲೀನ್ ಹಾಜ್ ಬೆರಳಲ್ಲಿ ಎಣಿಸುತ್ತಾಳೆ,
ಒಂದು ಕೈ ಸಾಲದೆ ಸ್ಟೀರಿಂಗ್ ಬಿಡುತ್ತಾಳೆ.

ಕೌಂಟಿಯ ಕಿತ್ತಳೆ ಟ್ರಕ್ಕು. ಪಕ್ಕದ ಸೀಟಿನಲ್ಲಿ ನಾನು,
ಮಡಿಲಲ್ಲಿ ಅವಳ ಥರ್ಮಾಸು.
ಭತ್ತ ಒಣಗಿಸುವ ಕಾರ್ಖಾನೆಯಲ್ಲಿ
ತೇವ ಅಳೆಯುವುದು ನನ್ನ ಕೆಲಸ.
ಜನವರಿಯಲ್ಲಿ ಅಳೆಯುವುದೇನು,
ಎಲ್ಲ ಒದ್ದೆಯೇ.

ಇಕ್ಕೆಲದಲ್ಲೂ ಗದ್ದೆ, ಕೂಳೆಯ ಮೇಲೆ ನಿಂತ ನೀರು.
ನಾಟಿಯಿಲ್ಲ, ನಾಟಿಯ ಹೆಂಗಸರಿಲ್ಲ, ಬಿತ್ತುವುದು ವಿಮಾನ.
ಮೇ ತಿಂಗಳಲ್ಲಿ ನೆನೆಸಿದ ಬೀಜ ಮುಗಿಲಿಂದ ಸುರಿಯುವಾಗ
ನಮ್ಮ ಗಾಜಿನ ಮೇಲೂ ನಾಲ್ಕು ಕಾಳು ಟಪಟಪ,
ಯಾರದೋ ಮದುವೆಯ ಅಕ್ಷತೆ
ದಾರಿ ತಪ್ಪಿದಂತೆ.
ಈಗ ಇಳಿಯುವುದು ಹಂಸಗಳು.
ಹಾಲು ನೀರು ಬೇರೆ ಮಾಡುತ್ತವೆಂದು ಶಾಲೆಯಲ್ಲಿ ಕಲಿತಿದ್ದೆ;
ಇವು ಬೇರೆ ಮಾಡುವುದು ಕೆಸರು, ಉದುರಿದ ಭತ್ತ.
ಕತ್ತಿನ ತುಂಬ ರಾಡಿ.
ಗದ್ದಲವೋ, ಚೌಕಾಸಿಗೆ ನಿಂತವರದು.

"ಬಂತು," ಎನ್ನುತ್ತಾಳೆ ವರ್ಲೀನ್, ಫೋನು ನೋಡಿ.
ಮೇಲೆ ಕೋಡಿ ಬಿದ್ದಿದೆ.

ನಮ್ಮ ಕಡೆ ಕೋಡಿ ಬಿದ್ದರೆ ಅರಿಶಿನ, ಹೊಸ ಮೊರ, ಬಾಗಿನ.
ಇಲ್ಲಿ ಗೇಟು.
ನದಿ ಶಹರಕ್ಕೆ ನುಗ್ಗದಿರಲೆಂದು ಹಿಂದಿನವರು
ಏರಿಯನ್ನು ಒಂದೆಡೆ ಬೇಕೆಂದೇ ತಗ್ಗಿಸಿದರು;
ಆ ತಗ್ಗಿನ ಬಾಯಿಗೇ ಈ ದಾರಿ.
ದಕ್ಷಿಣದಲ್ಲಿ ಯಾರೋ ಒಣ ಹಾಸಿಗೆಯಲ್ಲಿ
ಮಗ್ಗುಲು ಬದಲಿಸುವುದಕ್ಕೆ
ಈ ಏಳು ಮೈಲಿ ಕೊಡುವ ಬಾಡಿಗೆ.

ಮುಚ್ಚುವ ಮುನ್ನ ಕೊನೆಯ ಸುತ್ತು.
ಯಾರೂ ಉಳಿದಿಲ್ಲವೆಂದು ನೋಡಿ ಬರಬೇಕು.
ಮೂರನೇ ಮೈಲಿಯಲ್ಲಿ ಒಂದು ಕಾರು, ಮುಕ್ಕಾಲಿಯ ಮೇಲೆ ಕ್ಯಾಮೆರಾ.
"ಐದೇ ನಿಮಿಷ, ಬೆಳಕು ಚೆನ್ನಾಗಿದೆ."
ವರ್ಲೀನ್ ಮಾತಾಡದೆ ಚರಂಡಿ ತೋರಿಸುತ್ತಾಳೆ:
ನೀರು ಹಿಂದಕ್ಕೆ ಹರಿಯುತ್ತಿದೆ.
ಆತ ಮುಕ್ಕಾಲಿ ಮಡಚಿದ ವೇಗ ನೋಡಬೇಕಿತ್ತು.

ಮತ್ತೆ ಇನ್ನೊಂದು ಸುತ್ತು. ಯಾಕೆ, ಎಂದೆ.
"ಒಂದು ವರ್ಷ ಎರಡನೇ ಸಲ ಹೋಗಲಿಲ್ಲ ನಾನು."
ಅಷ್ಟೇ. ಥರ್ಮಾಸು ಕೇಳಿದಳು.
ಮುಚ್ಚಳದಲ್ಲಿ ಕಾಫಿ ಕುಲುಕುತ್ತಿತ್ತು, ರಸ್ತೆ ನೆಟ್ಟಗೇ ಇತ್ತು.

ಗೇಟಿನ ಸರಪಳಿಗೆ ಬೀಗ. ಟ್ರಕ್ಕಿನ ದೀಪದಲ್ಲಿ
ನಡುರಸ್ತೆಯ ಹಳದಿ ಗೆರೆ
ಸ್ವಲ್ಪ ದೂರ ನೀರೊಳಗೂ ಕಂಡಿತು,
ತಾನಿನ್ನೂ ಎಲ್ಲಿಗೋ ಹೋಗುತ್ತಿದ್ದೇನೆಂಬಂತೆ.

ಏಪ್ರಿಲ್‌ಗೆ ದಾರಿ ವಾಪಸು.
ಗೆರೆಯ ಮೇಲೆ ಸತ್ತ ಗೆಂಡೆ, ಗೇಣುದ್ದ ಮೆಕ್ಕಲು,
ಯಾರದೋ ಎಡಗಾಲಿನ ಬೂಟು.
ಗದ್ದೆಯಲ್ಲಿ ಸಿಕ್ಕ ಮೀನಮರಿಗಳು
ನದಿಯವಕ್ಕಿಂತ ಕೊಬ್ಬಿದ್ದವಂತೆ; ಹೋದವು ಕಡಲಿಗೆ.
ಗುರ್ದಿತ್ ಪುರೇವಾಲರ ಅಂಚೆಪೆಟ್ಟಿಗೆಯ ಬಾಯಿ ತೆರೆದೇ ಇತ್ತು,
ಒಳಗೆ ಕೆಸರು ಗಟ್ಟಿಯಾಗಿ
ಭತ್ತ ಮೊಳೆತು, ನಾಲ್ಕು ಬೆರಳು ಹಸಿರು.

ಸಲಿಕೆ ಎತ್ತಿದ ವರ್ಲೀನ್ ಹಾಗೇ ನಿಂತಳು.
"ತೇವ ಎಷ್ಟಿರಬಹುದು, ಹೇಳು."
ನಾನು ಬೆರಳಿಟ್ಟು ನೋಡಿದೆ.
ಆಮೇಲೆ ಇಬ್ಬರೂ ಬೂಟು ಯಾರದೆಂದು ಮಾತಾಡಿದೆವು.