ಕಣ

ಚಿಕ್ಕಪೇಟೆ ಮೆಟ್ರೋ ಮೆಟ್ಟಿಲು ಹತ್ತಿ ಎಡಕ್ಕೆ ಮೂರನೇ ಅಂಗಡಿ.
ಅಕ್ಕನ ಸೀರೆಯ ಸೆರಗು ಸಿದ್ದೋಜಿರಾಯರ ಕೈಯಲ್ಲಿ.
ಇಡೀ ಸೀರೆ ಅವರಿಗೆ ಬೇಡ,
ಹೆಬ್ಬೆರಳಗಲ ಸಾಕು.
ಗೋಡೆಯುದ್ದ ರವಿಕೆ ಕಣ: ಗಿಳಿ, ಪಾಚಿ, ಬಾಟಲಿ, ಮಾವಿನೆಲೆ,
ಹೆಸರೇ ಇಡದ ಇನ್ನೆಷ್ಟೋ ಹಸಿರು.
ಒಂದೊಂದನ್ನೇ ಎಳೆದು ಸೆರಗಿನ ಮೇಲೆ ಹಾಸಿ
‘ಇದಾಗತ್ತೆ. ಇದೂ ಆಗತ್ತೆ. ಇದು...
ತಡೀರಿ, ಬೀದಿಗೆ ಬನ್ನಿ. ಟ್ಯೂಬ್‌ಲೈಟು ಸುಳ್ಳು ಹೇಳತ್ತೆ.’

ನನ್ನ ಕೆಲಸವೂ ಇದೇ ರಾಯರೇ,
ಅನ್ನಬೇಕೆನಿಸಿತು. ಅನ್ನಲಿಲ್ಲ.
ಹೆಬ್ಬಾಳದಾಚೆ ಲ್ಯಾಬಿನಲ್ಲಿ ತೊಂಬತ್ತಾರು ಗುಳಿಯ ತಟ್ಟೆ,
ಗುಳಿಗೊಂದು ಒಂಬತ್ತು ಮಣಿಯ ಸರ,
ಸರಕ್ಕೊಂದು ಮಣಿ ಬದಲು.
ಎಲ್ಲದರೆದುರೂ ಅದೇ ಬಿಳಿ ರಕ್ತಕಣ.
ಯಾವುದಕ್ಕೆ ಕೆರಳಿತು, ಯಾವುದಕ್ಕೆ ಸುಮ್ಮನಿತ್ತು,
ಎಷ್ಟು ಕೆರಳಿತು,
ಬೆಳಗಿನ ಹಾಲಿನ ವ್ಯಾನು ಬರುವವರೆಗೆ ಎಣಿಸುವುದು.
ಒಂದೇ ಒಂದು ಕಣ ಲಕ್ಷ ಮುಖಕ್ಕೆ ತಲೆಯಾಡಿಸೀತು.
ಆಡಿಸದೆ ವಿಧಿಯಿಲ್ಲ:
ಬರುವ ರೋಗ ಎಷ್ಟೋ, ಇರುವ ಕಾವಲು ಇಷ್ಟೇ.

ಇಫ್ತಿಕಾರನ ಕಂಪ್ಯೂಟರು ಮೊದಲೇ ಕಣಿ ಹೇಳಿಬಿಡುತ್ತದೆ.
ನೂರಕ್ಕೆ ತೊಂಬತ್ತು ಎಂದದ್ದು ಸಪ್ಪಗೆ ಮಲಗಿತು.
ಲೆಕ್ಕಕ್ಕೇ ಇಲ್ಲ ಎಂದಿದ್ದ ಏಳನೇ ಸಾಲಿನ ಗುಳಿ
ಹೂಕುಂಡದ ಹಾಗೆ ಎದ್ದಿತು.
ಅವನು ನಕ್ಕ, ಪಿಪೆಟ್ಟು ಜಾರಿರಬೇಕು ಮೇಡಂ.
ಮತ್ತೆ ಮಾಡಿದೆ. ಮತ್ತೆ ಎದ್ದಿತು.

ಅಕ್ಕನಿಗೆ ಆಗ ಹತ್ತು. ಶ್ರೀರಾಮಪುರದ ವಠಾರ. ಗಂಟಲು ನೋವು.
ಉಪ್ಪುನೀರು ಮುಕ್ಕಳಿಸು ಅಂದರು, ಮುಕ್ಕಳಿಸಿದಳು,
ವಾಸಿಯೂ ಆಯಿತು, ಕುಂಟಾಬಿಲ್ಲೆಯಲ್ಲಿ ನನ್ನನ್ನು ಸೋಲಿಸಿದಳು.
ಒಳಗೆ, ಗಂಟಲಲ್ಲಿ ಗೆದ್ದವರು
ಮನೆಗೆ ಮರಳಲಿಲ್ಲ.
ಅದೇ ಮುಖ ಹುಡುಕುತ್ತ ಹುಡುಕುತ್ತ
ಎದೆಯ ಕವಾಟ ತಟ್ಟಿದರು,
ತೆರೆದವಳು ಅವಳೇ ಎಂದು ತಿಳಿಯದೆ.
ಇಪ್ಪತ್ತೊಂದು ದಿನಕ್ಕೊಂದು ಪೆನ್ಸಿಲಿನ್ ಸೂಜಿ, ವರ್ಷಗಟ್ಟಲೆ.
ಹೋದ ಮಾಘದಲ್ಲಿ ಲೋಹದ ಕವಾಟ.
ಪಕ್ಕದಲ್ಲಿ ಮಲಗಿದರೆ ಟಿಕ್ ಟಿಕ್ ಕೇಳಿಸುತ್ತದೆ,
ನಿದ್ದೆ ಬಂತಾ ಅಂದರೆ ಹೂಂ ಅನ್ನುತ್ತಾಳೆ.

ಕುತ್ತಿಗೆ ಮೇಲಕ್ಕೆ ಹೊಲಿಸಬೇಕಂತೆ,
ಹೊಲಿಗೆಯ ಗೆರೆ ಕಾಣಬಾರದಂತೆ.
ಒಂದು ಮೀಟರು ಸಾಕು ಅಂದಿದ್ದಾಳೆ.

ಬೀದಿಯ ಬಿಸಿಲು. ಹ್ಯಾಂಡ್‌ಕಾರ್ಟಿನವನು ಸೈಡ್ ಸೈಡ್ ಎನ್ನುತ್ತಾನೆ.
ರಾಯರ ಎರಡು ಕೈಯಲ್ಲಿ ಎರಡು ಹಸಿರು, ನಡುವೆ ಸೆರಗು.
‘ಎರಡೂ ಒಂದೇ ಅಲ್ವಾ?’
‘ಒಂದೇ ಥರ’ ಅಂದರು, ‘ಒಂದೇ ಅಲ್ಲ.’
‘ಯಾವುದು ಸರಿ?’
ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು.
‘ಒಗೆದ ಮೇಲೆ ಗೊತ್ತಾಗತ್ತಮ್ಮ.’

ಎರಡನ್ನೂ ಕಟ್ಟಿ ಅಂದೆ.