ಎರಡು ವಯಸ್ಸು

ಸೊಹಾರಿನ ಕ್ಯಾಂಪಿನಿಂದ ರಾತ್ರಿ ಒಂದೂವರೆಗೆ
ಪಿಕಪ್ಪಿನ ಹಿಂದೆ ಮಲಗಿಸಿ ತಂದರು ಹಮ್ಮಬ್ಬನನ್ನ.
ಮೆಸ್ಸಿನ ಅಡುಗೆಯವನು. ಮುನ್ನೂರು ಜನರಿಗೆ ಸಾರು ಕಲಕುವ ಕೈ
ಬಲಪಕ್ಕೆಯ ಕೆಳಗೆ ಮಡಚಿಕೊಂಡಿತ್ತು.

ಗ್ಯಾಸು ಸಿಸ್ಟರ್, ಅಂದ. ಸೋಡಾ ಕುಡಿದೆ, ಓಮ ಅಗಿದೆ.
ಎಷ್ಟು ದಿನ?
ಇವತ್ತಿಗೆ ನಾಲ್ಕು. ಶುಕ್ರವಾರದ ಬಿರಿಯಾನಿ ಮುಗಿಯಲಿ ಅಂತ.

ಪಿತ್ತಕೋಶ ಊದಿದೆ. ಊದಿದ್ದೆಲ್ಲ ಕೊಳೆಯುವುದಿಲ್ಲ.
ಗಂಡಸು, ಸಕ್ಕರೆ ಕಾಯಿಲೆ, ತಡವಾಗಿ ಬಂದವನು,
ರಕ್ತದಲ್ಲಿ ಬಿಳಿಕಣ ಇಪ್ಪತ್ತೆರಡು ಸಾವಿರ:
ಒಂದೊಂದಕ್ಕೇ ಗೀಟು ಎಳೆಯುತ್ತ ಬಂದೆ.
ವಯಸ್ಸು?
ಕಾರ್ಡು ಹೇಳಿತು, ಐವತ್ತಾರು.

ಅವನು ಗೋಡೆ ನೋಡುತ್ತ, ತುಳುವಿನಲ್ಲಿ, ಮೆಲ್ಲಗೆ:
ಮೊದಲ ಸಲ ಬರುವಾಗ ಏಜೆಂಟ ಒಂಬತ್ತು ವರ್ಷ ಕಳೆದ.
ಬರೆಯಬೇಡ ಮಗಳೇ,
ಅರವತ್ತಾದರೆ ಕಂಪನಿ ಇಟ್ಟುಕೊಳ್ಳುವುದಿಲ್ಲ.

ಆ ಒಂಬತ್ತು ವರ್ಷ ಎಲ್ಲಿತ್ತು ಇಷ್ಟು ದಿನ?
ತೂಕಕ್ಕೆ ಹಾಕದೆ ವಿಮಾನ ಹತ್ತಿಸಿದ ಗಂಟು
ಮೈಯೊಳಗೇ ಬಿಚ್ಚಿಕೊಳ್ಳುತ್ತಿತ್ತು.

ಮೂರಕ್ಕೆ ಅವನ ಮುಖ ಸಡಿಲಾಯಿತು.
ನೋವು ಹೋಯಿತು ನೋಡು. ಐದಕ್ಕೆ ಚಪಾತಿ ಹಿಟ್ಟು ಕಲಸಬೇಕು,
ಬಿಡು ನನ್ನನ್ನ.
ನೋವು ಹೋದದ್ದಕ್ಕೇ ನಾನು ಓಡಿದೆ.

ಡಾಕ್ಟರ್ ಮುಂತಸಿರ್ ಟೋಪಿ ಕಟ್ಟಿಕೊಳ್ಳುತ್ತಿದ್ದರು.
ಬಾಯಲ್ಲಿ ಅರವತ್ತೈದು ಅಂದೆ,
ಕಾಗದದಲ್ಲಿ ಐವತ್ತಾರು ಬರೆದೆ.
ಕೇಳಿದರು, ಓದಿದರು, ಏನೂ ಅನ್ನಲಿಲ್ಲ,
ಥಿಯೇಟರಿನ ಬಾಗಿಲನ್ನು ಕಾಲಲ್ಲಿ ತಳ್ಳಿದರು.

ಅವನ ಅಂಗಿ ಚೀಲಕ್ಕೆ ತುಂಬಿದೆ. ಏಲಕ್ಕಿಯ ವಾಸನೆ.
ಜೇಬಿನಲ್ಲಿ ನಾಳೆಯ ಚೀಟಿ:
ಈರುಳ್ಳಿ, ನಲವತ್ತು ಕಿಲೋ.