ರಿವೈಂಡಿಂಗ್

ದಸ್ತಗೀರ್ ಉಸ್ತಾದ್ ಎಡಗೈಯಲ್ಲಿ ಕೊಟ್ಟರು,
ಬಲಗೈ ಈಗ ಮಡಿಲಲ್ಲಿ ಮಲಗಿಯೇ ಇರುತ್ತದೆ.
ಬೀಟೆಮರದ ಹಿಡಿ, ತುದಿಗೆ ಹನ್ನೊಂದೋ ಹನ್ನೆರಡೋ ಕೂದಲು,
ಕಜ್ಜಿ ಹತ್ತಿದ ನಾಯಿಮರಿಯ ನೆತ್ತಿಯಂಥ
ಶೇವಿಂಗ್ ಬ್ರಷ್ಷು.
"ಹಾಲೇಶಾ, ಸುಟ್ಟುಹೋಗಿದೆ ಇದು. ರಿವೈಂಡ್ ಮಾಡು."

ಇಪ್ಪತ್ತಾರು ವರ್ಷ ನಾನು ಸುತ್ತಿದ್ದೆಲ್ಲ ತಾಮ್ರ.
ಮೂರು ಎಚ್‌ಪಿ, ಐದು ಎಚ್‌ಪಿ, ಕೆಸರು ಕುಡಿದ ಸಬ್‌ಮರ್ಸಿಬಲ್ಲು,
ಬಿ.ಎಚ್. ರಸ್ತೆಯ ಹೋಟೆಲಿನವರ ಗ್ರೈಂಡರು.
ಕೂದಲು ಸುತ್ತಿದವನಲ್ಲ.
ಹೊಸದು ಅರವತ್ತು ರೂಪಾಯಿಗೆ ಸಿಗುತ್ತೆ ಎಂದೆ.
ಅವರು ನೋಡಿದರು,
ಮೊದಲ ವರ್ಷ ನಾನು ಕಾಯಿಲ್ ಉಲ್ಟಾ ಇಟ್ಟಾಗ ನೋಡಿದ್ದ ಹಾಗೆ.

ಇಡ್ಲಿ ಪಾತ್ರೆಯ ಹಬೆಗೆ ಹಿಡಿದೆ, ಅರ್ಧ ಗಂಟೆ.
ಆ ಪಾತ್ರೆ ಇನ್ನು ನಿನ್ನದೇ ಎಂದಳು ಓಂಕಾರಮ್ಮ.
ಹಳೇ ಅರಗು ಬೆವರಿತು, ಬಿಡಲಿಲ್ಲ.
ಗೋಣಿ ಹೊಲಿಯುವ ದಬ್ಬಣದಲ್ಲಿ ಕೆದಕಿ ಕೆದಕಿ
ಚೂರು ಚೂರೇ ತೆಗೆದೆ.
ತಳದಲ್ಲಿ ಏನಾದರೂ ಸಿಕ್ಕೀತೆಂಬ ಆಸೆಯಿತ್ತು,
ಮಡಿಸಿದ ಚೀಟಿ, ಯಾರದೋ ಹೆಸರು, ಹೀಗೆ.
ಸಿಕ್ಕಿದ್ದು ಬರಿ ಮರ,
ಯಾವನೋ ಲೇತಿನವನ ಉಳಿ ಬಿಟ್ಟ ಮೂರು ಗೆರೆ.

ಹಿಡಿಯ ಪಕ್ಕಕ್ಕೊಂದು ತಗ್ಗು, ಅವರ ಬಲ ಹೆಬ್ಬೆರಳು ಸವೆಸಿದ್ದು.
ಉಪ್ಪುಕಾಗದ ಹಿಡಿದವನು ಅದೊಂದನ್ನು ಬಿಟ್ಟು
ಸುತ್ತ ಉಜ್ಜಿದೆ.

ಹಂದಿ ಕೂದಲು ನನ್ನ ಗಲ್ಲಕ್ಕೆ ಬೇಡ ಅಂದಿದ್ದರು.
ನೈಲಾನು ಅಂದದ್ದಕ್ಕೆ ಉಗಿದರು.
ಉಳಿದದ್ದು ಸೀಗೆಹಟ್ಟಿಯ ಮದುವೆ ಕುದುರೆ, ಬಿಳಿದು,
ಮದುಮಕ್ಕಳನ್ನು ಹೊತ್ತೂ ಹೊತ್ತೂ ಯಾರನ್ನೂ ನಂಬದ್ದು.
ಅದರ ಯಜಮಾನ ಕತ್ತರಿಯನ್ನು ನನ್ನ ಕೈಗೇ ಕೊಟ್ಟು
ದೂರ ನಿಂತ.
ಬಾಲದ ಒಂದು ಹಿಡಿಗೆ
ತೊಡೆಗೊಂದು ಒದೆ. ಲೆಕ್ಕ ಚುಕ್ತಾ.

ಸೋಪಿನಪುಡಿ ಹಾಕಿ ಕುದಿಸಿದೆ. ಮನೆ ತುಂಬ ಲಾಯದ ವಾಸನೆ.
ಬುಡ ಒಂದು ಕಡೆ, ತುದಿ ಒಂದು ಕಡೆ
ವಿಂಗಡಿಸುತ್ತ ಕೂತರೆ ಕರೆಂಟು ಹೋಯಿತು,
ಬಂತು, ಹೋಯಿತು.
ತುದಿಗಳನ್ನು ಸೌಟಿನ ಹೊಟ್ಟೆಗೆ ಊರಿ
ಮೆಲ್ಲಗೆ ತಟ್ಟಿದೆ, ಗುಮ್ಮಟವಾಗುವ ತನಕ.
ಕಾಯಿಲ್ ಕಟ್ಟುವ ದಾರದಲ್ಲಿ ಬಿಗಿದೆ. ಜಾರಿತು.
ಮತ್ತೆ ಬಿಗಿದೆ. ನಡುವಿನವು ಇಳಿದು ನೆಲಕ್ಕೆ ಚೆಲ್ಲಿದವು.
ಮೂರನೇ ಸಲಕ್ಕೆ ಓಂಕಾರಮ್ಮ ಬಂದು ಕೂತು
ಕಾಲ ಹೆಬ್ಬೆರಳಿಗೆ ದಾರ ಸಿಕ್ಕಿಸಿ
ಎರಡು ಸುತ್ತು, ಒಂದು ಕುಣಿಕೆ, ಒಂದು ಜಗ್ಗು.
ಸೇವಂತಿಗೆಗೆ ಹಾಕುವ ಗಂಟೇ.
"ಮೊಳಕ್ಕೆ ಮೂವತ್ತು, ಕೊಡು" ಎಂದು ಕೈ ಒಡ್ಡಿದಳು.

ಗುಳಿ ಆಳವಾಯಿತು. ಕೂದಲು ಕುಳ್ಳಾಗಿ ಒಳಗೆ ಕೂತಿತು.
ಸ್ಕ್ರೂ ಡಬ್ಬಿ ತಡಕಿ, ಚಲಾವಣೆ ನಿಂತ ನಾಲ್ಕಾಣೆ ಒಂದನ್ನು
ಕೆಳಗಿಟ್ಟು ಅಂಟು ಹುಯ್ದೆ.
ಮುಂದೆ ಯಾರಾದರೂ ಕೆದಕಿ ತೆಗೆದು
ಏನೇನೋ ಅರ್ಥ ಕಟ್ಟಿಯಾರು. ಕಟ್ಟಲಿ.
ಅದು ಎತ್ತರಕ್ಕೆ, ಅಷ್ಟೇ.

ವಾರ್ನಿಷ್ ಹೊಡೆದ ಸ್ಟೇಟರನ್ನು ಒಣಗಿಸುವ ಹಾಗೆ
ನೂರರ ಬಲ್ಬಿನಡಿ ಒಂದು ರಾತ್ರಿ, ಒಂದು ಹಗಲು.
ಆಮೇಲೆ ಅವರ ಮನೆ ಕಟ್ಟೆಯ ಮೇಲೆ
ಬಿಸಿಲಿಗೆ ಮುಖ ಮಾಡಿಸಿ ಕೂರಿಸಿ
ನೊರೆ ಹಚ್ಚಿದೆ.

ಎಡಗಲ್ಲ: "ಚುಚ್ಚುತ್ತೆ." ಖುಷಿಯಾಯಿತು.
ಬಲಗಲ್ಲ: ಏನೂ ಹೇಳಲಿಲ್ಲ.
ಮತ್ತೊಮ್ಮೆ ತಿರುವಿದೆ, ಇನ್ನಷ್ಟು ಒತ್ತಿ,
ಕಿವಿಯ ಬುಡದಿಂದ ಗದ್ದದ ತನಕ,
ಟೆಸ್ಟ್ ಲ್ಯಾಂಪಿನ ತಂತಿಯನ್ನು
ಒಂದೊಂದೇ ತುದಿಗೆ ಮುಟ್ಟಿಸುತ್ತ ಹೋಗುತ್ತೇವಲ್ಲ, ಹಾಗೆ.
ಹತ್ತಲಿಲ್ಲ.

ನೊರೆ ಮಾತ್ರ ದಪ್ಪಗೆ ಬಂತು.
ಜಾರಿದ ಬಾಯಿಯ ಮೂಲೆ ಅದರಡಿ ಸ್ವಲ್ಪ ಹೊತ್ತು ಕಾಣಲಿಲ್ಲ.

ಮೂಗಿನ ಕೆಳಗೇನೋ ಅಂಟಿತ್ತು.
ಎಡಗೈಯಿಂದ ತಡವಿ ತೆಗೆದು, ಬಿಸಿಲಿಗೆ ಹಿಡಿದು,
ಒಂದು ಕಣ್ಣು ಸಣ್ಣ ಮಾಡಿ ಎಣಿಸಿದರು.
"ಎರಡು ಲೂಸ್ ಕನೆಕ್ಷನ್" ಎಂದರು ಉಸ್ತಾದ್,
"ದುಡ್ಡು ಕೊಡಲ್ಲ."